ಬಣ್ಣ ತುಟಿಗೆ ತಾಗದ ಹಾಗೆ: ಹುಟ್ಟುಹಬ್ಬಕ್ಕೊಂದು ಕಪ್ ಅಲಂಕಾರ

ಮಗಳ ಆರನೆಯ ಹುಟ್ಟುಹಬ್ಬಕ್ಕೆ ಅವಳೇ ಆರಿಸಿಕೊಂಡ ವಿಷಯ ಕಡಲಾಳದ ಲೋಕ. ಗೋಡೆಗೆ ನೀಲಿ ಕಾಗದ, ಮೇಲಿನಿಂದ ಇಳಿಬಿಟ್ಟ ಪಾಚಿಯ ಎಳೆಗಳು, ಬಾಗಿಲ ಬಳಿ ಒಂದು ತಿಮಿಂಗಿಲ, ಇವೆಲ್ಲ ಹೆಚ್ಚು ಚರ್ಚೆಯಿಲ್ಲದೆ ತೀರ್ಮಾನವಾದವು. ಬಂದ ಮಕ್ಕಳೆಲ್ಲರೂ ಒಂದೊಂದು ಕಪ್ಪನ್ನು ಮೀನು, ಅಷ್ಟಪಾದಿ, ಹವಳಗಳಿಂದ ಸಿಂಗರಿಸಿ, ಅದರಲ್ಲೇ ಕುಡಿದು, ಅದನ್ನೇ ಮನೆಗೆ ಒಯ್ಯಬೇಕೆಂಬ ಅವಳ ಇನ್ನೊಂದು ಬೇಡಿಕೆ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ. ಕಿರೀಟವನ್ನೋ ಮುಖವಾಡವನ್ನೋ ಮಾಡಿಸುವುದಾದರೆ ಬಣ್ಣ ಎಂಥದು, ಅಂಟು ಎಂಥದು ಎಂದು ಒಮ್ಮೆ ನೋಡಿಕೊಂಡರೆ ಸಾಕು. ಕಪ್ ಬಾಯಿಗೆ ಹೋಗುವ ವಸ್ತು. ಮಕ್ಕಳು ಅದರ ಅಂಚನ್ನು ಕಚ್ಚುತ್ತಾರೆ, ಹೊರಗೆ ಸೋರಿದ ಹನಿಯನ್ನು ನೆಕ್ಕುತ್ತಾರೆ, ಖಾಲಿಯಾದ ಮೇಲೆ ಬಾಯಿಗೂ ಮೂಗಿಗೂ ಕವುಚಿಕೊಂಡು ಉಸಿರೆಳೆದು ಹಿಡಿಯುತ್ತಾರೆ. ಆದ್ದರಿಂದ ಯಾವ ಬಣ್ಣ ಬಳಸಬೇಕು ಎಂಬ ಪ್ರಶ್ನೆಗಿಂತ ಮೊದಲು, ಆ ಬಣ್ಣ ಕಪ್ಪಿನ ಯಾವ ಭಾಗದಲ್ಲಿ ಕೂರಬೇಕು ಎಂಬುದನ್ನು ನಿರ್ಧರಿಸಬೇಕೆಂದು ನನಗೆ ಅನ್ನಿಸಿತು. ಮುಂದಿನ ಯೋಜನೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಬೆಳೆದದ್ದು.

ಬಣ್ಣದ ಡಬ್ಬಿಯ ಮೇಲೆ ‘ವಿಷರಹಿತ’ ಎಂದು ಬರೆದಿದ್ದರೆ ನಮ್ಮಲ್ಲಿ ಬಹಳಷ್ಟು ಜನ ಅಲ್ಲಿಗೆ ನೆಮ್ಮದಿಯಾಗುತ್ತೇವೆ. ಆ ಮಾತು ಸುಳ್ಳಲ್ಲ, ಆದರೆ ಅದರ ವ್ಯಾಪ್ತಿ ನಾವು ತಿಳಿದುಕೊಂಡಷ್ಟು ದೊಡ್ಡದೂ ಅಲ್ಲ. ಕಲಾ ಸಾಮಗ್ರಿಗಳ ಮೇಲೆ ಕಾಣುವ ‘ಎಪಿ’ (ಅಪ್ರೂವ್ಡ್ ಪ್ರಾಡಕ್ಟ್) ಮುದ್ರೆಯಾಗಲಿ, ಮಕ್ಕಳ ಆಟಿಕೆಗಳಿಗೆ ಅನ್ವಯಿಸುವ ಯುರೋಪಿನ ಇಎನ್ 71 ಮಾನದಂಡದ ಉಲ್ಲೇಖವಾಗಲಿ, ಆ ವಸ್ತುವನ್ನು ಚಿತ್ರ ಬರೆಯಲು ಅಥವಾ ಆಡಲು ಬಳಸುವಾಗ ಅಪಾಯವಿದೆಯೇ ಎಂಬುದನ್ನು ಪರಿಶೀಲಿಸಿ ನೀಡುವಂಥವು. ಕೈಗೆ ಹತ್ತಿದ ಬಣ್ಣ ಅಕಸ್ಮಾತ್ತಾಗಿ ಬಾಯಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅದೇ ಬಣ್ಣ ಪಾನೀಯದಲ್ಲಿ ನೆನೆದು, ತುಟಿಗೆ ಉಜ್ಜಿ, ಮತ್ತೆ ಮತ್ತೆ ತೊಳೆಸಿಕೊಂಡು ಬಳಕೆಯಾಗುವ ಪಾತ್ರೆಯ ಭಾಗವಾಗುವುದು ಬೇರೆಯೇ ಪರೀಕ್ಷೆಯ ವಿಷಯ. ಇನ್ನು ಎಎಸ್‌ಟಿಎಂ ಡಿ 4236 ಎಂಬ ಅಮೆರಿಕದ ಮಾನದಂಡದ ಉಲ್ಲೇಖವಿದ್ದರೆ, ದೀರ್ಘಕಾಲದ ಅಪಾಯಗಳನ್ನು ತಜ್ಞರು ಪರಿಶೀಲಿಸಿದ್ದಾರೆ, ಎಚ್ಚರಿಕೆಯ ಅಗತ್ಯವಿದ್ದರೆ ಅದನ್ನು ಲೇಬಲ್ಲಿನಲ್ಲಿ ಮುದ್ರಿಸಿದ್ದಾರೆ ಎಂದಷ್ಟೇ ಅರ್ಥ. ಅಪಾಯವೇ ಇಲ್ಲವೆಂಬ ಭರವಸೆಯನ್ನು ಆ ಸಂಖ್ಯೆ ಕೊಡುವುದಿಲ್ಲ. ‘ಆಹಾರದ ಸಂಪರ್ಕಕ್ಕೆ ಯೋಗ್ಯ’ ಎಂದು ಸ್ಪಷ್ಟವಾಗಿ ಬರೆದಿಲ್ಲದ ಯಾವ ಬಣ್ಣವನ್ನೂ ನಾನು ಆಹಾರದ ಸಂಪರ್ಕಕ್ಕೆ ಯೋಗ್ಯವಲ್ಲದ್ದೆಂದೇ ಎಣಿಸುತ್ತೇನೆ.

ಕಾರ್ಖಾನೆಯಲ್ಲಿ ತಯಾರಾದ ಲೋಟಗಳಲ್ಲೂ ಇದು ಕ್ಷುಲ್ಲಕವಾದ ಸಂಗತಿಯಲ್ಲ. 2010ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ, ಮಕ್ಕಳ ಚಲನಚಿತ್ರವೊಂದರ ಪಾತ್ರಗಳನ್ನು ಮುದ್ರಿಸಿದ್ದ ಸುಮಾರು 1.2 ಕೋಟಿ ಗಾಜಿನ ಲೋಟಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹೊರಮೈಯ ಚಿತ್ರಗಳಿಗೆ ಬಳಸಿದ್ದ ಬಣ್ಣದಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇತ್ತೆಂಬುದು ಅದಕ್ಕೆ ಕಾರಣ. ಬಣ್ಣವಿದ್ದದ್ದು ಹೊರಗೆ, ಪಾನೀಯವಿದ್ದದ್ದು ಒಳಗೆ. ಆದರೂ ಮಕ್ಕಳ ಕೈ ಆ ಚಿತ್ರಗಳ ಮೇಲೆಯೇ ಆಡುತ್ತದೆ, ಅದೇ ಕೈ ಬಾಯಿಗೂ ಹೋಗುತ್ತದೆ ಎಂಬುದೇ ಅಲ್ಲಿಯ ಆತಂಕವಾಗಿತ್ತು. ಹೊರಭಾಗವನ್ನು ಅಲಂಕರಿಸಿದ ಗಾಜಿನ ಲೋಟಗಳಿಂದ ಸೀಸ ಮತ್ತು ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆಯೇ ಎಂದು ಪರೀಕ್ಷಿಸುವ ಒಂದು ಪ್ರಮಾಣಿತ ವಿಧಾನದಲ್ಲಿ, ಅಂಚಿನಿಂದ ಕೆಳಕ್ಕೆ 20 ಮಿಲಿಮೀಟರ್ ಅಗಲದ ಪಟ್ಟಿಯನ್ನು ತುಟಿ ತಾಗುವ ಭಾಗವೆಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಈ 20 ಮಿಲಿಮೀಟರ್ ನನಗೆ ಬಹಳ ಉಪಯೋಗಕ್ಕೆ ಬಂತು. ‘ಮೇಲೆ ಸ್ವಲ್ಪ ಜಾಗ ಬಿಡಿ’ ಎಂದರೆ ಆರು ವರ್ಷದ ಮಗು ಕೂದಲೆಳೆಯಷ್ಟು ಬಿಡುತ್ತದೆ. ಎರಡು ಸೆಂಟಿಮೀಟರ್ ಎಂದರೆ ಅಳತೆಪಟ್ಟಿಯಿಂದ ಗುರುತು ಹಾಕಿಕೊಡಬಹುದು.

ಹೊರಮೈಗೆ ಬಣ್ಣ ಬಳಿಯುವುದರಲ್ಲಿ ಇನ್ನೊಂದು ತೊಡಕು ಇದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಪ್ಪುಗಳನ್ನು ನಾವು ಒಂದರೊಳಗೊಂದು ಇಟ್ಟು ಜೋಡಿಸುತ್ತೇವೆ. ಹಾಗೆ ಜೋಡಿಸಿದಾಗ ಒಂದು ಕಪ್ಪಿನ ಹೊರಮೈ ಇನ್ನೊಂದರ ಒಳಮೈಗೆ ಒತ್ತಿಕೊಂಡಿರುತ್ತದೆ, ಸರಿಯಾಗಿ ಒಣಗದ ಬಣ್ಣವೋ ಶಾಯಿಯೋ ನೇರವಾಗಿ ಕುಡಿಯುವ ಜಾಗಕ್ಕೆ ಅಂಟಿಕೊಳ್ಳುತ್ತದೆ. ಆಹಾರದ ಪೊಟ್ಟಣಗಳನ್ನು ಮುದ್ರಿಸುವವರು ಈ ವರ್ಗಾವಣೆಯನ್ನು ತಡೆಯಲು ವಿಶೇಷ ಕಾಳಜಿ ವಹಿಸುತ್ತಾರೆ. ಗಡಿಬಿಡಿಯ ಹುಟ್ಟುಹಬ್ಬದ ಮನೆಯಲ್ಲಿ ಆ ಕಾಳಜಿಯನ್ನು ಯಾರು ವಹಿಸಬೇಕು? ಕಾಗದದ ಕಪ್ಪಿನ ವಿಷಯದಲ್ಲಿ ಮತ್ತೂ ಒಂದು ಮಾತು. ಅದರ ಒಳಗಡೆ ಪಾಲಿಥೀನಿನ ತೆಳುವಾದ ಪದರವಿರುತ್ತದೆ, ಹೊರಗಡೆ ಸಾಮಾನ್ಯವಾಗಿ ಬರಿಯ ಕಾಗದ. ಹೀಗಾಗಿ ಹೊರಗೆ ಬಳಿದ ನೀರುಬಣ್ಣವನ್ನು ಕಾಗದ ಹೀರಿಕೊಂಡು ಮೆತ್ತಗಾಗುತ್ತದೆ, ಸುರುಳಿ ಸುತ್ತಿದ ಅಂಚಿನವರೆಗೂ ಬಣ್ಣ ಹರಡುತ್ತದೆ.

ಪಿಂಗಾಣಿ ಕಪ್ಪಿಗೆ ಮಾರ್ಕರ್ ಪೆನ್ನಿನಿಂದ ಚಿತ್ರ ಬರೆದು ಓವನ್ನಿನಲ್ಲಿ ಬಿಸಿ ಮಾಡಿದರೆ ಚಿತ್ರ ಶಾಶ್ವತವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಾಮಾನ್ಯ ಪರ್ಮನೆಂಟ್ ಮಾರ್ಕರ್ ಈ ಕೆಲಸಕ್ಕೆ ತಯಾರಾದದ್ದಲ್ಲ, ಕೆಲವು ಸಲ ತೊಳೆಯುವಷ್ಟರಲ್ಲಿ ಅದರ ಬಣ್ಣ ಎದ್ದು ಹೋಗುತ್ತದೆ. ಪಿಂಗಾಣಿಗೆಂದೇ ಮಾಡಿದ ಬಣ್ಣಗಳು ಬೇರೆ ಇವೆ, ಅವು ಸಾಕಷ್ಟು ಗಟ್ಟಿಯಾಗಿ ಕೂರುತ್ತವೆ. ಅಂಥವನ್ನು ಬಳಸುವುದಾದರೆ ಬಣ್ಣ ಪೂರ್ತಿ ಒಣಗಿದ ಮೇಲೆ ಕಪ್ಪನ್ನು ತಣ್ಣಗಿರುವ ಓವನ್ನಿನಲ್ಲಿಟ್ಟು, ಆಮೇಲೆ ಶಾಖವನ್ನು ಏರಿಸಿ, ತಯಾರಕರು ಹೇಳಿದ ಉಷ್ಣಾಂಶದಲ್ಲಿ ಅವರು ಹೇಳಿದಷ್ಟು ಹೊತ್ತು ಇರಿಸಿ, ಆರಿಸಿದ ನಂತರವೂ ಓವನ್ನಿನೊಳಗೇ ತಣಿಯಲು ಬಿಡಬೇಕು. ತಣ್ಣನೆಯ ಪಿಂಗಾಣಿಯನ್ನು ಒಮ್ಮೆಲೇ ಬಿಸಿಗೆ ಒಡ್ಡಿದರೆ ಬಿರುಕು ಬಿಡುತ್ತದೆ. ಶಾಖ ಬಣ್ಣವನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಅದರ ಸ್ವಭಾವವನ್ನು ಬದಲಿಸಿ ಆಹಾರಕ್ಕೆ ಯೋಗ್ಯವಾಗಿಸುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಹತ್ತು ವರ್ಷ ದಾಟಿದ ಮೂರು ನಾಲ್ಕು ಮಕ್ಕಳಿದ್ದು, ಕಪ್ಪುಗಳನ್ನು ಮರುದಿನ ತಲುಪಿಸುವುದಾದರೆ ಇದು ಒಳ್ಳೆಯ ಚಟುವಟಿಕೆಯೇ. ಮೂರರಿಂದ ಒಂಬತ್ತು ವರ್ಷದವರೆಗಿನ ಮಕ್ಕಳ ಗುಂಪಿಗೆ, ಎರಡು ಗಂಟೆಯ ಸಮಾರಂಭದ ನಡುವೆ, ಒಡೆಯುವ ಪಾತ್ರೆಗಳ ಸಾಲನ್ನು ಮುಂದಿಡುವ ಧೈರ್ಯ ನನಗಿಲ್ಲ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದಾಗ ಉಳಿದದ್ದು ಬಹಳ ಸರಳವಾದ ಉಪಾಯ. ಕಪ್ಪಿಗೆ ಬಣ್ಣವನ್ನೇ ಹಚ್ಚುವುದು ಬೇಡ. ಕಪ್ಪಿನ ಸುತ್ತ ತೊಡಿಸುವ ಕಾಗದದ ಪಟ್ಟಿಯನ್ನು ಮಕ್ಕಳು ಅಲಂಕರಿಸಲಿ. ಪಟ್ಟಿ ಅಂಚಿನಿಂದ ಎರಡು ಸೆಂಟಿಮೀಟರ್ ಕೆಳಗೇ ನಿಲ್ಲುತ್ತದೆ, ಆದ್ದರಿಂದ ಮಗು ಅದರ ಮೇಲೆ ಎಷ್ಟೇ ಉತ್ಸಾಹದಿಂದ ಬಣ್ಣ ಸುರಿದರೂ ತುಟಿ ತಾಗುವ ಜಾಗ ಬರಿದಾಗಿಯೇ ಇರುತ್ತದೆ. ತೊಳೆಯುವ ಮೊದಲು ಪಟ್ಟಿಯನ್ನು ಕಳಚಬಹುದು, ಹರಿದುಹೋದರೆ ಇನ್ನೊಂದನ್ನು ಮಾಡಿಕೊಳ್ಳಬಹುದು. ಕಪ್ಪು ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ, ಆಹಾರಕ್ಕೆಂದು ತಯಾರಾದ ವಸ್ತುವಾಗಿಯೇ ಉಳಿಯುತ್ತದೆ. ನಾನು ಆರಿಸಿದ್ದು ತಳದಲ್ಲಿ ತ್ರಿಕೋನದೊಳಗೆ 5 ಎಂಬ ಸಂಖ್ಯೆಯಿರುವ, ಅಂದರೆ ಪಾಲಿಪ್ರೊಪಿಲೀನಿನ, ಮತ್ತೆ ಮತ್ತೆ ಬಳಸಬಹುದಾದ ಬಿಳಿಯ ಕಪ್ಪುಗಳನ್ನು. ಗಾಜನ್ನು ಕೈಬಿಟ್ಟದ್ದಕ್ಕೆ ವಿವರಣೆ ಬೇಕಿಲ್ಲ. ಥರ್ಮೊಕೋಲ್ ಕಪ್ಪುಗಳು ಹಗುರವೆಂದು ಕೆಲವರು ಇಷ್ಟಪಡುತ್ತಾರೆ, ಆದರೆ ಮಕ್ಕಳು ಅದರ ಅಂಚನ್ನು ಕಚ್ಚಿ ಚೂರುಚೂರಾಗಿ ಮುರಿಯುತ್ತಾರೆ, ಬಿಸಿ ಅಂಟು ತಾಗಿದರೆ ಅದು ಕರಗಿಯೂ ಹೋಗುತ್ತದೆ.

ಪಟ್ಟಿ ಕತ್ತರಿಸುವುದು ಮಾತ್ರ ನೋಡುವಷ್ಟು ಸುಲಭವಲ್ಲ. ಉದ್ದನೆಯ ಆಯತಾಕಾರದ ಕಾಗದವನ್ನು ಕಪ್ಪಿಗೆ ಸುತ್ತಿದರೆ ಅದು ಮೇಲಿನ ಭಾಗದಲ್ಲಿ ಬಿಗಿಯಾಗಿ, ಕೆಳಗೆ ಪಾವಾಡೆಯಂತೆ ಸಡಿಲವಾಗಿ ನಿಲ್ಲುತ್ತದೆ, ಏಕೆಂದರೆ ಕಪ್ಪಿನ ಬಾಯಿ ಅಗಲ, ಬುಡ ಕಿರಿದು. ಸರಿಯಾಗಿ ಕೂರಬೇಕಾದರೆ ಪಟ್ಟಿ ಬಾಗಿರಬೇಕು. ಕೈಯಲ್ಲೇ ಮಾಡುವ ದಾರಿ ಹೀಗಿದೆ: ದೊಡ್ಡ ಕಾಗದದ ಮೇಲೆ ಕಪ್ಪನ್ನು ಅಡ್ಡ ಮಲಗಿಸಿ, ಅದನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ಉರುಳಿಸುತ್ತ, ಬಾಯಿ ಮತ್ತು ಬುಡ ಸಾಗಿದ ಹಾದಿಯನ್ನು ಪೆನ್ಸಿಲ್ಲಿನಿಂದ ಗುರುತಿಸಿಕೊಳ್ಳುತ್ತ ಹೋಗಬೇಕು. ಕಪ್ಪು ನೇರವಾಗಿ ಹೋಗದೆ ತಾನಾಗಿ ಬಳಸುದಾರಿ ಹಿಡಿಯುತ್ತದೆ, ಆ ಬಾಗುವಿಕೆಯೇ ನಮಗೆ ಬೇಕಾದ ಆಕಾರ. ಇಬ್ಬರು ಕೂತರೆ, ಒಬ್ಬರು ಉರುಳಿಸಿ ಇನ್ನೊಬ್ಬರು ಗುರುತು ಹಾಕಿದರೆ, ಗೆರೆ ಹೆಚ್ಚು ಕಡಿಮೆ ಸರಿಯಾಗಿ ಬರುತ್ತದೆ.

ಗಣಿತದಿಂದ ಮಾಡುವುದು ಇನ್ನೂ ನಿಖರ, ನನಗೆ ಇದೇ ಹೆಚ್ಚು ಖುಷಿ ಕೊಟ್ಟಿತೆಂದು ಹೇಳಲು ಸಂಕೋಚವಿಲ್ಲ. ಬಾಯಿಯ ವ್ಯಾಸ, ಬುಡದ ವ್ಯಾಸ, ಇಳಿಜಾರಿನ ಉದ್ದಕ್ಕೆ ಅಳೆದ ಎತ್ತರ, ಈ ಮೂರು ಅಳತೆಗಳು ಸಾಕು. ಇಳಿಜಾರಿನ ಎತ್ತರವನ್ನು ಬಾಯಿಯ ವ್ಯಾಸದಿಂದ ಗುಣಿಸಿ, ಎರಡು ವ್ಯಾಸಗಳ ವ್ಯತ್ಯಾಸದಿಂದ ಭಾಗಿಸಿದರೆ ಹೊರಗಿನ ಕಮಾನಿನ ತ್ರಿಜ್ಯ ಸಿಗುತ್ತದೆ. ವ್ಯಾಸಗಳ ವ್ಯತ್ಯಾಸವನ್ನು 180ರಿಂದ ಗುಣಿಸಿ ಇಳಿಜಾರಿನ ಎತ್ತರದಿಂದ ಭಾಗಿಸಿದರೆ ಕಮಾನು ಎಷ್ಟು ಡಿಗ್ರಿ ತೆರೆದಿರಬೇಕೆಂಬುದು ತಿಳಿಯುತ್ತದೆ. ಬಾಯಿ 8 ಸೆಂಟಿಮೀಟರ್, ಬುಡ 6 ಸೆಂಟಿಮೀಟರ್, ಇಳಿಜಾರು 9 ಸೆಂಟಿಮೀಟರ್ ಇರುವ ಕಪ್ಪಿಗೆ ಹೊರ ತ್ರಿಜ್ಯ 36 ಸೆಂಟಿಮೀಟರ್, ಒಳ ತ್ರಿಜ್ಯ 27 ಸೆಂಟಿಮೀಟರ್, ಕೋನ 40 ಡಿಗ್ರಿ. ನಮಗೆ ಇಡೀ ಕಪ್ಪನ್ನು ಮುಚ್ಚುವುದು ಬೇಕಿಲ್ಲವಾದ್ದರಿಂದ, ಮೇಲೆ 2 ಸೆಂಟಿಮೀಟರ್, ಕೆಳಗೆ 1 ಸೆಂಟಿಮೀಟರ್ ಬಿಟ್ಟು, 34 ಮತ್ತು 28 ಸೆಂಟಿಮೀಟರ್ ತ್ರಿಜ್ಯದ ಎರಡು ಕಮಾನುಗಳನ್ನು ಎಳೆದರೆ 6 ಸೆಂಟಿಮೀಟರ್ ಅಗಲದ ಪಟ್ಟಿ ತಯಾರಾಗುತ್ತದೆ. ಒಂದರ ಮೇಲೊಂದು ಕೂರಿಸಲು ಒಂದು ತುದಿಯಲ್ಲಿ 1 ಸೆಂಟಿಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಶಾಲೆಯ ಕೈವಾರ ಇಷ್ಟು ದೂರ ಚಾಚುವುದಿಲ್ಲ. ಒಂದು ದಾರಕ್ಕೆ ಪೆನ್ಸಿಲ್ ಕಟ್ಟಿ, ಇನ್ನೊಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಸಾಕು. ದಪ್ಪ ರಟ್ಟಿನಲ್ಲಿ ಒಂದು ಮಾದರಿಯನ್ನು ಕತ್ತರಿಸಿಟ್ಟುಕೊಂಡರೆ ಉಳಿದ ಪಟ್ಟಿಗಳನ್ನು ಅದರ ಮೇಲೆಯೇ ಎಳೆದುಕೊಳ್ಳಬಹುದು.

ತುದಿಗಳನ್ನು ಜೋಡಿಸಲು ಸ್ಟೇಪ್ಲರ್ ಬಳಸುವ ಮಾತೇ ಬೇಡ. ಬಿಚ್ಚಿಕೊಂಡ ಪಿನ್ನು ಕಪ್ಪಿನೊಳಗೆ ಬಿದ್ದರೆ ಕಾಣಿಸುವುದೂ ಇಲ್ಲ. ಒಂದು ತುದಿಗೆ ಮೇಲಿನಿಂದ ಅರ್ಧದವರೆಗೆ, ಇನ್ನೊಂದು ತುದಿಗೆ ಕೆಳಗಿನಿಂದ ಅರ್ಧದವರೆಗೆ ಸೀಳು ಹಾಕಿದರೆ ಅವೆರಡನ್ನೂ ಒಂದರೊಳಗೊಂದು ಸಿಕ್ಕಿಸಬಹುದು, ಅಂಟಿನ ಅಗತ್ಯವೇ ಬೀಳುವುದಿಲ್ಲ. ಪುಟ್ಟ ಕೈಗಳಿಗೆ ಅದು ಕಷ್ಟವಾದರೆ ಎರಡೂ ಬದಿ ಅಂಟುವ ಟೇಪನ್ನು ಮೊದಲೇ ಹಚ್ಚಿ, ಮೇಲಿನ ಹಾಳೆಯನ್ನು ಮಾತ್ರ ಮಗುವೇ ಸುಲಿಯುವಂತೆ ಬಿಡಬಹುದು.

ಪಾರದರ್ಶಕ ಕಪ್ಪುಗಳು ಸಿಗುವುದಾದರೆ ಇದಕ್ಕಿಂತ ಚೆಂದದ ಇನ್ನೊಂದು ದಾರಿಯಿದೆ. ಒಂದೇ ಅಳತೆಯ ಎರಡು ಕಪ್ಪುಗಳ ನಡುವೆ ಚಿತ್ರದ ಪಟ್ಟಿಯನ್ನು ಇಟ್ಟು ಒಂದರೊಳಗೊಂದು ಕೂರಿಸಿದರೆ ಚಿತ್ರ ಹೊರಗಿನಿಂದ ಕಾಣುತ್ತದೆ, ಕೈಗೂ ತಾಗುವುದಿಲ್ಲ, ಬಾಯಿಗೂ ತಾಗುವುದಿಲ್ಲ. ಆದರೆ ನಡುವಿನ ಜಾಗ ಬಹಳ ಕಡಿಮೆಯಿರುವುದರಿಂದ ಉಬ್ಬಿದ ಅಲಂಕಾರ ಅಲ್ಲಿ ಹಿಡಿಸುವುದಿಲ್ಲ, ಬರಿಯ ಚಿತ್ರವಷ್ಟೇ. ತೊಳೆಯುವಾಗ ನೀರು ನಡುವೆ ಸೇರಿಕೊಂಡರೆ ಕಾಗದ ಕೊಳೆಯುತ್ತದೆ, ಆದ್ದರಿಂದ ಪ್ರತಿ ಸಲವೂ ಬಿಡಿಸಿಯೇ ತೊಳೆಯಬೇಕು. ಕಪ್ಪುಗಳ ಸಂಖ್ಯೆಯೂ ಎರಡರಷ್ಟಾಗುತ್ತದೆ. ನಾನು ಇದನ್ನು ದೊಡ್ಡ ಮಕ್ಕಳಿಗೆಂದು ಮಾತ್ರ ಇಟ್ಟುಕೊಂಡೆ.

ಪಟ್ಟಿಯ ಮೇಲೆ ಏನು ಬರೆಯಿಸುವುದು ಎಂಬ ವಿಷಯಕ್ಕೆ ಬಂದರೆ, ಕಡಲಿಗೆ ಹೇಳಿ ಮಾಡಿಸಿದಂತಹ ಒಂದು ವಿಧಾನವಿದೆ. ದಪ್ಪನೆಯ ಡ್ರಾಯಿಂಗ್ ಹಾಳೆಯ ಮೇಲೆ ಮೇಣದ ಕ್ರೇಯಾನಿನಿಂದ ಮೀನು, ನಕ್ಷತ್ರಮೀನು, ಗುಳ್ಳೆಗಳನ್ನು ಒತ್ತಿ ಬರೆದು, ಅದರ ಮೇಲೆ ತೆಳುವಾದ ನೀಲಿ ನೀರುಬಣ್ಣವನ್ನು ಎಳೆಯಬೇಕು. ಮೇಣವಿರುವ ಕಡೆ ನೀರು ನಿಲ್ಲದೆ ಸರಿಯುತ್ತದೆ, ಮಿಕ್ಕ ಕಡೆ ಕಾಗದ ನೀಲಿಯನ್ನು ಹೀರಿಕೊಳ್ಳುತ್ತದೆ. ಬಿಳಿ ಕ್ರೇಯಾನಿನಿಂದ ಬರೆದಿದ್ದರೆ ಅಲ್ಲಿಯವರೆಗೆ ಕಾಣದಿದ್ದ ಮೀನು ನೀಲಿ ಬಿದ್ದ ಕೂಡಲೇ ಎದ್ದು ಬರುತ್ತದೆ, ಇದು ಮಕ್ಕಳಿಗೆ ಮಾಯೆಯೇ ಸರಿ. ಅಷ್ಟಪಾದಿಯ ತೋಳುಗಳು ಎಂಟು, ಹೃದಯಗಳು ಮೂರು ಎಂಬುದನ್ನು ಹೇಳಿದರೆ ಮೂರು ಕೆಂಪು ಹೃದಯಗಳನ್ನು ಎಲ್ಲಿ ಬರೆಯಬೇಕೆಂಬ ಚರ್ಚೆಯಲ್ಲೇ ಬಣ್ಣ ಒಣಗುವಷ್ಟು ಹೊತ್ತು ಕಳೆಯುತ್ತದೆ. ಸ್ಕೆಚ್ ಪೆನ್ನುಗಳನ್ನು ನಾನು ಇಡಲಿಲ್ಲ. ತಣ್ಣನೆಯ ಪಾನೀಯವಿರುವ ಕಪ್ಪಿನ ಹೊರಗೆ ನೀರಿನ ಹನಿಗಳು ಮೂಡುತ್ತವೆ, ಅವು ಸ್ಕೆಚ್ ಪೆನ್ನಿನ ಶಾಯಿಯನ್ನು ಕರಗಿಸಿ ಕೈಗೂ ಬಟ್ಟೆಗೂ ಹರಿಸುತ್ತವೆ. ನೀಲಿ ನೀರುಬಣ್ಣಕ್ಕೂ ಅದೇ ಗತಿ ಬರುವುದರಿಂದ ಪಾನೀಯ ತೀರಾ ತಣ್ಣಗಿರದಂತೆ ನೋಡಿಕೊಳ್ಳುವುದು ಅಥವಾ ಕುಡಿದು ಒರೆಸಿದ ಮೇಲೆ ಪಟ್ಟಿಯನ್ನು ತೊಡಿಸುವುದು ಒಳ್ಳೆಯದು. ಪೆನ್ನುಗಳನ್ನೇ ಬಳಸುವವರು ಮುಚ್ಚಳದ ತುದಿಯಲ್ಲಿ ಗಾಳಿಯಾಡುವ ರಂಧ್ರವಿದೆಯೇ ಎಂದು ನೋಡಿಕೊಳ್ಳಬೇಕು. ಮುಚ್ಚಳವನ್ನು ಮಗು ಉಸಿರಿನೊಂದಿಗೆ ಒಳಗೆಳೆದುಕೊಂಡು ಅದು ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರು ಪೂರ್ತಿ ಕಟ್ಟದಿರಲೆಂದೇ ಆ ರಂಧ್ರವನ್ನು ಬಿಟ್ಟಿರುತ್ತಾರೆ.

ನೀರುಬಣ್ಣ ಬಂತೆಂದರೆ ಕುಂಚ ತೊಳೆಯುವ ನೀರೂ ಬಂತು. ಇಡೀ ಯೋಜನೆಯಲ್ಲಿ ನಾನು ಅತಿ ಹೆಚ್ಚು ಎಚ್ಚರ ವಹಿಸಿದ್ದು ಇಲ್ಲಿ. ಕಪ್ಪುಗಳೇ ತುಂಬಿರುವ ಮೇಜಿನ ಮೇಲೆ, ಕುಡಿಯುವ ಕಪ್ಪಿನಂತೆಯೇ ಇರುವ ಇನ್ನೊಂದು ಕಪ್ಪಿನಲ್ಲಿ ತಿಳಿನೀಲಿಯ ನೀರಿದ್ದರೆ, ಕಡಲಿನ ಹಬ್ಬದ ದಿನ ಅದು ಪಾನೀಯವೆಂದು ಮಗುವಿಗೆ ಅನ್ನಿಸುವುದು ಸಹಜ. ಆದುದರಿಂದ ಕುಂಚ ತೊಳೆಯಲು ಕಪ್ಪನ್ನೂ ಲೋಟವನ್ನೂ ಬಳಸಲೇಬಾರದು. ಎತ್ತಿ ಬಾಯಿಗಿಡಲು ಆಗದಂತಹ ಅಗಲವಾದ, ಭಾರವಾದ ಬೋಗುಣಿಯನ್ನು ಮೇಜಿನ ನಡುವೆ ಇಡಬೇಕು. ಅಂದು ಕುಡಿಯಲು ಕೊಡುವ ಯಾವುದೂ ನೀಲಿಯಾಗಿರಬಾರದು. ಪಾನೀಯ ಆ ಮೇಜಿನ ಹತ್ತಿರಕ್ಕೂ ಬರಬಾರದು.

ಅಲಂಕಾರದ ಸಾಮಾನು ಮಾರುವಲ್ಲಿ ಕಡಲಿಗೆ ಹೊಂದುವ ವಸ್ತುಗಳಿಗೆ ಕೊರತೆಯಿಲ್ಲ. ಮುತ್ತಿನಂತಹ ಮಣಿಗಳು, ಹುರುಪೆಯಂತೆ ಹೊಳೆಯುವ ಚಮಕಿ, ಆಡಿಸಿದರೆ ಕುಣಿಯುವ ಪ್ಲಾಸ್ಟಿಕ್ ಕಣ್ಣುಗಳು, ಪುಟ್ಟ ಕಪ್ಪೆಚಿಪ್ಪುಗಳು. ಇವನ್ನು ನೋಡಿದರೆ ನನಗೂ ಆಸೆಯಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ, ಅದರೊಳಗೆ ಪೂರ್ತಿಯಾಗಿ ಹಿಡಿಸುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳಬಲ್ಲದೆಂದು ಪರಿಗಣಿಸುತ್ತಾರೆ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆ ಇದಕ್ಕಿಂತ ಸ್ವಲ್ಪ ಅಗಲವಿರುವುದರಿಂದ ಅದನ್ನೇ ಅಳತೆಗೆ ಇಟ್ಟುಕೊಂಡರೆ ನಾವು ಇನ್ನಷ್ಟು ಎಚ್ಚರದ ಕಡೆಗೇ ಇರುತ್ತೇವೆ. ಮೇಲೆ ಹೇಳಿದ ವಸ್ತುಗಳಲ್ಲಿ ಒಂದೂ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಆರು ವರ್ಷದವರಿಗೆ ಇವನ್ನು ಕೊಡಬಹುದಲ್ಲ ಎಂದರೆ, ಕೊಡಬಹುದು. ಆದರೆ ಅವರ ಜೊತೆಗೆ ಬಂದ ತಮ್ಮ ತಂಗಿಯರು ಮೇಜಿನ ಕೆಳಗೇ ಹರಿದಾಡುತ್ತಿರುತ್ತಾರೆ, ಉದುರಿದ ಮಣಿ ಮೊದಲು ಸಿಗುವುದು ಅವರಿಗೆ. ಅಲ್ಲದೆ ಕಪ್ಪಿಗೆ ಅಂಟಿಸಿದ ಮಣಿ ಕಳಚಿ ಬೀಳುವುದಕ್ಕೆ ಅತ್ಯಂತ ಹತ್ತಿರದ ಜಾಗ ಕಪ್ಪಿನ ಒಳಗೇ. ಕಣ್ಣುಗಳನ್ನು ಬಿಳಿ ಕಾಗದದಲ್ಲಿ ದೊಡ್ಡದಾಗಿ ಕತ್ತರಿಸಿ, ನಡುವೆ ಕಪ್ಪು ಚುಕ್ಕೆ ಇಟ್ಟು ಅಂಟಿಸಿದರೆ ಮೀನು ಯಾವ ಪ್ಲಾಸ್ಟಿಕ್ ಕಣ್ಣಿನ ಮೀನಿಗಿಂತಲೂ ಹೆಚ್ಚು ಗಾಬರಿಯಾದಂತೆ ಕಾಣುತ್ತದೆ. ಗ್ಲಿಟರ್ ಪುಡಿ ಕೂಡ ಬೇಡ. ಅದು ಕಣ್ಣಿಗೆ ಬಿದ್ದರೆ ಉಜ್ಜಿದಷ್ಟೂ ಗೀರುತ್ತದೆ, ಕಪ್ಪಿನ ಒಳಗೆ ಸೇರದೆ ಇರುವುದೂ ಇಲ್ಲ.

ಜೆಲ್ಲಿಮೀನಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಪ್ಪನ್ನು ಬೋರಲಾಗಿಸಿ, ಅಂಚಿಗೆ ರಿಬ್ಬನ್ನಿನ ಎಳೆಗಳನ್ನು ಇಳಿಬಿಟ್ಟು, ಒಳಗೆ ಪುಟ್ಟ ಎಲ್‌ಇಡಿ ದೀಪವಿಟ್ಟರೆ ಅದು ನಿಜಕ್ಕೂ ಮೋಹಕವಾಗಿರುತ್ತದೆ. ಆದರೆ ಆ ದೀಪಗಳಲ್ಲಿ ಬಹುಪಾಲು ಬಟನ್ ಸೆಲ್ಲಿನಿಂದ, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿಯಿಂದ, ಉರಿಯುವಂಥವು. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರವಾದ ಸುಟ್ಟ ಗಾಯವನ್ನು ಉಂಟುಮಾಡಬಲ್ಲದು, ಒಳಗಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಉತ್ಪತ್ತಿಯಾಗುವುದು ಅದಕ್ಕೆ ಕಾರಣ. ಸೆಲ್ಲಿನ ಜಾಗಕ್ಕೆ ತಿರುಪು ಹಾಕಿ ಭದ್ರಪಡಿಸಿರದ ದೀಪ ಮಕ್ಕಳ ಸಮಾರಂಭಕ್ಕೆ ಬರಲೇಬಾರದು. ನಾನು ದೀಪವನ್ನೇ ಕೈಬಿಟ್ಟು, ಜೆಲ್ಲಿಮೀನುಗಳನ್ನು ಕುಡಿಯದ ಕಪ್ಪುಗಳಿಂದ ದೊಡ್ಡವರೇ ಮಾಡಿ ಎತ್ತರದಲ್ಲಿ ತೂಗುಹಾಕುವುದೆಂದು ನಿರ್ಧರಿಸಿದೆ. ಎಳೆಗಳು ಒಂದು ಗೇಣಿಗಿಂತ ಉದ್ದವಿರದಿದ್ದರೆ ಕೆಳಗೆ ಬಿದ್ದರೂ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿಲ್ಲ. ನೀರಿನಲ್ಲಿ ಊದಿಕೊಳ್ಳುವ ಬಣ್ಣಬಣ್ಣದ ವಾಟರ್ ಬೀಡ್ಸ್‌ಗಳನ್ನು ಕಪ್ಪಿಗೆ ತುಂಬಿ ‘ಕಡಲು’ ಮಾಡುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ನುಂಗಿದ ಮೇಲೆ ಅವು ಕರುಳಿನಲ್ಲಿಯೂ ಅದೇ ರೀತಿ ಊದಿಕೊಂಡು ದಾರಿಯನ್ನು ಮುಚ್ಚುತ್ತವೆ. ಅದರ ಬಗ್ಗೆ ಎರಡನೆಯ ಯೋಚನೆಯೇ ಬೇಕಿಲ್ಲ.

ಮೂರು ನಾಲ್ಕು ವರ್ಷದವರಿಗೆ ಅಂಗೈಯಗಲದ ಸ್ಟಿಕ್ಕರುಗಳೇ ಸಾಕು. ಸ್ಟಿಕ್ಕರ್ ಹಾಳೆಯಲ್ಲಿ ಚಿತ್ರಗಳ ಸುತ್ತಲಿನ ಖಾಲಿ ಭಾಗವನ್ನು ಮೊದಲೇ ಕಿತ್ತು ತೆಗೆದರೆ ಅಂಚು ಹುಡುಕಲು ಪರದಾಡದೆ ಮಗುವೇ ಸುಲಿದುಕೊಳ್ಳುತ್ತದೆ. ಅವರಿಗೆ ಕತ್ತರಿ ಬೇಡ. ಉಳಿದವರಿಗೆ ತುದಿ ಗುಂಡಗಿರುವ ಕತ್ತರಿ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಮಕ್ಕಳ ಮೇಜಿನ ಮೇಲೆ ಬಿಳಿ ಗೋಂದು ಅಥವಾ ಗ್ಲೂ ಸ್ಟಿಕ್ ಹೊರತು ಬೇರೇನೂ ಇರಕೂಡದು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೆರಳುಗಳನ್ನು ಒಂದಕ್ಕೊಂದು ಅಂಟಿಸುವುದಷ್ಟೇ ಅಲ್ಲ, ಹತ್ತಿಯ ಬಟ್ಟೆಯ ಮೇಲೆ ಬಿದ್ದರೆ ವೇಗವಾಗಿ ಬಿಸಿಯೇರಿ ಚರ್ಮವನ್ನು ಸುಡಬಲ್ಲದು. ಗ್ಲೂ ಗನ್ನಿನ ಕೆಲಸ ಏನಿದ್ದರೂ ಹಿಂದಿನ ದಿನವೇ ದೊಡ್ಡವರು ಮುಗಿಸಿ, ಗನ್ನನ್ನು ಎತ್ತಿಡಬೇಕು. ಕಡಿಮೆ ಶಾಖದ್ದೆಂದು ಮಾರುವ ಗನ್ನಿನ ಅಂಟೂ ಕುದಿಯುವ ನೀರಿಗಿಂತ ಬಿಸಿಯಾಗಿರುತ್ತದೆ, ನೀರಿನಂತೆ ಹರಿದು ಹೋಗದೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಅಂಟನ್ನು ಕಿತ್ತೆಳೆಯಬಾರದು.

ಆಮಂತ್ರಣ ಕಳುಹಿಸುವಾಗಲೇ ತಂದೆತಾಯಿಗಳಿಗೆ ಒಂದು ಪ್ರಶ್ನೆಯನ್ನು ಸೇರಿಸಿದ್ದೆ: ಮಗುವಿಗೆ ಯಾವುದಾದರೂ ವಸ್ತು ಆಗಿಬರುವುದಿಲ್ಲವೇ, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಅಭ್ಯಾಸವಿದೆಯೇ. ಈ ಪ್ರಶ್ನೆಯ ಮಹತ್ವ ಉತ್ತರಗಳು ಬಂದಾಗ ತಿಳಿಯುತ್ತದೆ. ಬಲೂನಿನ ರಬ್ಬರ್ ಆಗದವರಿರುತ್ತಾರೆ, ಬೆರಳಿನಿಂದ ಬಳಿಯುವ ಬಣ್ಣಗಳಲ್ಲಿರುವ ಸಂರಕ್ಷಕಗಳಿಂದ ಚರ್ಮ ಕೆಂಪಾಗುವವರಿರುತ್ತಾರೆ. ಆಡುವ ಹಿಟ್ಟಿನ ಮುದ್ದೆಗಳಲ್ಲಿ ಬಹಳಷ್ಟು ಗೋಧಿಯಿಂದಲೇ ಆದಂಥವು, ಗೋಧಿ ಆಗದ ಮಗುವಿಗೆ ಅದು ಆಟಿಕೆಯೆಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಮೊಟ್ಟೆಯ ಟ್ರೇಗಳನ್ನು ಕತ್ತರಿಸಿ ಆಮೆ ಮಾಡುವ ಯೋಚನೆ ನಮ್ಮಲ್ಲೂ ಇತ್ತು, ಮೊಟ್ಟೆ ಆಗದ ಒಂದು ಮಗು ಬರುತ್ತಿದೆಯೆಂದು ತಿಳಿದ ಮೇಲೆ ಆಮೆಗಳು ರಟ್ಟಿನವಾದವು.

ಸಮಯದ ಕ್ರಮವೂ ಸುರಕ್ಷತೆಯ ಭಾಗವೇ. ಮಕ್ಕಳು ಬಂದು ಸೇರುತ್ತಿರುವಾಗಲೇ, ಓಡಾಟದ ಆಟಗಳಿಗೂ ತಿನಿಸಿಗೂ ಮೊದಲು, ಈ ಕೆಲಸ ನಡೆಯಬೇಕು. ಆಗ ಅವರು ಇನ್ನೂ ದಣಿದಿರುವುದಿಲ್ಲ, ಬಾಯಾರಿಕೆಯೂ ಅಷ್ಟಿರುವುದಿಲ್ಲ, ಆಟ ಮುಗಿಯುವಷ್ಟರಲ್ಲಿ ನೀಲಿ ಬಣ್ಣ ಒಣಗಿರುತ್ತದೆ. ಕಪ್ಪುಗಳು ಈ ಹೊತ್ತಿನಲ್ಲಿ ಮೇಜಿನ ಮೇಲೆ ಇರುವುದೇ ಇಲ್ಲ ಎಂಬುದು ನನ್ನ ಯೋಜನೆಯ ಮುಖ್ಯ ಅಂಶ. ಅವು ತೊಳೆದು ಒರೆಸಿ ಅಡುಗೆಮನೆಯಲ್ಲಿರುತ್ತವೆ. ಮೇಜಿನ ಮೇಲಿರುವುದು ಬರಿಯ ಪಟ್ಟಿಗಳು. ನಾಲ್ಕು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಕೂರಬೇಕೆಂದು ಮೊದಲೇ ಹೇಳಿಟ್ಟರೆ ಅತ್ತೆ, ಚಿಕ್ಕಮ್ಮ, ಸೋದರಮಾವ ಎಲ್ಲರಿಗೂ ಒಂದೊಂದು ಮೂಲೆ ಸಿಗುತ್ತದೆ, ಫೋಟೊ ತೆಗೆಯುವ ಕೆಲಸಕ್ಕೆ ಒಬ್ಬರೇ ಉಳಿಯುತ್ತಾರೆ. ಬಣ್ಣದ ಕೆಲಸ ಮುಗಿದ ಕೂಡಲೇ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು, ಅದನ್ನೂ ಆಟವಾಗಿ ಮಾಡಿ ‘ಅಲೆಯ ಸರದಿ’ ಎಂದು ಸಾಲು ನಿಲ್ಲಿಸಿದರೆ ತಕರಾರಿರುವುದಿಲ್ಲ. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಬಿಳಿಯ ಕಪ್ಪನ್ನು ತೆಗೆದುಕೊಂಡು, ತಮ್ಮ ಪಟ್ಟಿಯನ್ನು ಬುಡದ ಕಡೆಯಿಂದ ತೊಡಿಸಿ, ಅದು ಬಿಗಿಯಾಗುವವರೆಗೆ ಮೇಲಕ್ಕೆ ಸರಿಸುತ್ತಾರೆ. ಹೆಸರನ್ನು ಪಟ್ಟಿಯ ಒಳಬದಿಯಲ್ಲಿ ಪೆನ್ಸಿಲ್ಲಿನಿಂದ ಮೊದಲೇ ಬರೆದಿಟ್ಟಿರಬೇಕು, ಇಲ್ಲವಾದರೆ ಒಂದೇ ಬಗೆಯ ಎರಡು ನೀಲಿ ಮೀನುಗಳಿಗಾಗಿ ನಡೆಯುವ ಜಗಳವನ್ನು ಯಾವ ಮಾನದಂಡವೂ ಬಗೆಹರಿಸಲಾರದು.

ಮನೆಗೆ ಒಯ್ಯುವಾಗ ಕಪ್ಪಿನೊಂದಿಗೆ ಒಂದು ಪುಟ್ಟ ಚೀಟಿಯನ್ನು ಸೇರಿಸಲಿದ್ದೇನೆ. ಪಟ್ಟಿಯನ್ನು ಕಳಚಿಯೇ ತೊಳೆಯಿರಿ, ಒದ್ದೆಯಾದ ಪಟ್ಟಿಯನ್ನು ಬಿಸಾಡಿ, ಪಟ್ಟಿಯಿರುವ ಕಪ್ಪನ್ನು ಇನ್ನೊಂದರೊಳಗೆ ಇಟ್ಟು ಜೋಡಿಸಬೇಡಿ, ಮೈಕ್ರೊವೇವ್‌ನಲ್ಲಿ ಇಡಬೇಡಿ ಎಂಬ ನಾಲ್ಕು ಮಾತುಗಳು ಅದರಲ್ಲಿರುತ್ತವೆ. ಚೀಟಿಯ ಹಿಂಬದಿಯಲ್ಲಿ ಪಟ್ಟಿಯ ಬಾಗಿದ ಆಕಾರವನ್ನು ತ್ರಿಜ್ಯ ಮತ್ತು ಕೋನದ ಅಳತೆಗಳೊಡನೆ ಚಿಕ್ಕದಾಗಿ ಬರೆದು ಕೊಡುತ್ತೇನೆ, ಮಳೆಯ ಮಧ್ಯಾಹ್ನದಲ್ಲೋ ರಜೆಯಲ್ಲೋ ಮಗುವಿಗೆ ಕಡಲು ಸಾಕಾಗಿ ಕಾಡೋ ಆಕಾಶವೋ ಬೇಕೆನ್ನಿಸಿದರೆ ಅದೇ ಕಪ್ಪಿಗೆ ಹೊಸ ಪಟ್ಟಿಯನ್ನು ಕತ್ತರಿಸಿಕೊಳ್ಳಲಿ ಎಂದು.